ಲಸಾಗು, ಲಸಾಅ

ಭಾನುವಾರ ಸಂಜೆ ಕೊಚ್ಚಿಯ ವೈಟ್ಟಿಲ ಹಬ್‌ನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಕೇರಳದಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಹೊಟ್ಟೆಪಾಡಿಗೆ ಹೋಗುತ್ತಾರೆ ಎಂಬುದು ಗೊತ್ತಾಗುತ್ತದೆ. ಬಂಗಾಳ, ಅಸ್ಸಾಂ, ಒಡಿಶಾದ ಹುಡುಗರು ಬೆನ್ನಿಗೆ ಬ್ಯಾಗು ಹಾಕಿಕೊಂಡು ಪೆರುಂಬಾವೂರು ಕಡೆಯ ಬಸ್ಸು ಹುಡುಕುತ್ತಾರೆ. ಸರಕಾರಿ ಮಲಯಾಳದಲ್ಲಿ ಅವರ ಹೆಸರು ‘ಅತಿಥಿ ತೊಳಿಲಾಳಿ’, ಅಂದರೆ ಅತಿಥಿ ಕಾರ್ಮಿಕ. ಬಸ್ಸಿನ ಕಂಡಕ್ಟರಿಗೆ ಅವರೆಲ್ಲ ‘ಭಾಯಿ’. ಅದೇ ಗದ್ದಲದಲ್ಲಿ ಇಸ್ತ್ರಿ ಅಂಗಿಯ, ಕೈಯಲ್ಲಿ ಊಟದ ಡಬ್ಬಿ ಹಿಡಿದ ಇನ್ನೊಂದು ಬಗೆಯ ಪ್ರಯಾಣಿಕರೂ ಇರುತ್ತಾರೆ. ಅವರು ಉತ್ತರಕ್ಕೆ ಹೋಗುವವರು. ಕಣ್ಣೂರು, ಕಾಸರಗೋಡು ಜಿಲ್ಲೆಗಳ ಸರಕಾರಿ ಶಾಲೆಗಳಲ್ಲಿ ಸೋಮವಾರ ಬೆಳಿಗ್ಗೆ ಹಾಜರಿ ಹಾಕಬೇಕಾದ ಮೇಷ್ಟ್ರುಗಳು, ಟೀಚರುಗಳು. ಅವರನ್ನು ಯಾರೂ ಅತಿಥಿ ಎಂದು ಕರೆಯುವುದಿಲ್ಲ. ಆದರೆ ಉತ್ತರ ಮಲಬಾರಿನ ಸ್ಟಾಫ್ ರೂಮುಗಳಲ್ಲಿ ಅವರಿಗೂ ಒಂದು ಅಡ್ಡಹೆಸರಿದೆ: ‘ತೆಕ್ಕನ್’. ತೆಂಕಣದವನು.

ಈ ಹಬ್ ಶುರುವಾದದ್ದು 2011ರಲ್ಲಿ. ಮೆಟ್ರೊ ರೈಲು ಇಲ್ಲಿಗೆ ಬಂದದ್ದು 2019ರಲ್ಲಿ. 2023ರ ಏಪ್ರಿಲ್ 25ರಂದು ಪ್ರಧಾನಿ ತಿರುವನಂತಪುರದಲ್ಲಿ ಒಂದೇ ದಿನ ಎರಡು ಹಸಿರು ನಿಶಾನೆ ತೋರಿಸಿದರು. ಒಂದು, ಕೊಚ್ಚಿಯ ಜಲ ಮೆಟ್ರೊಗೆ. ಅದರ ದೋಣಿಗಳು ಈಗ ವೈಟ್ಟಿಲದಿಂದ ಕಾಕ್ಕನಾಡಿಗೆ ಓಡಾಡುತ್ತಿವೆ. ಇನ್ನೊಂದು, ತಿರುವನಂತಪುರದಿಂದ ಕಾಸರಗೋಡಿಗೆ ಹೋಗುವ ವಂದೇ ಭಾರತ್ ರೈಲಿಗೆ. ಅಲ್ಲಿಯವರೆಗೆ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕಳೆಯಬೇಕಾಗಿದ್ದ ಹಾದಿ ಎಂಟು ಗಂಟೆಗೆ ಇಳಿಯಿತು. ರಾಜ್ಯದ ಈ ತುದಿಗೂ ಆ ತುದಿಗೂ ನಡುವಿನ ದೂರ ಸುಮಾರು 580 ಕಿ.ಮೀ. ರೈಲು ಅದನ್ನು ದಾಟುತ್ತದೆ. ತರಗತಿಯೊಳಗೆ ಉಳಿದುಬಿಡುವ ದೂರ ಬೇರೆಯದು, ಅದನ್ನು ಕಿಲೋಮೀಟರಿನಲ್ಲಿ ಅಳೆಯಲು ಬರುವುದಿಲ್ಲ.

ಮೇಷ್ಟ್ರುಗಳನ್ನು ಹೊರಗಿನಿಂದ ಕರೆಸಿಕೊಳ್ಳುವುದು ಕೇರಳಕ್ಕೆ ಹೊಸತೇನೂ ಅಲ್ಲ. 1818ರಲ್ಲಿ ಡಾಸನ್ ಎಂಬ ಪಾದ್ರಿ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಇಂಗ್ಲಿಷ್ ಶಾಲೆ ತೆರೆದ. 1834ರಲ್ಲಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು, ನಾಗರಕೋವಿಲಿನಲ್ಲಿ ಶಾಲೆ ನಡೆಸುತ್ತಿದ್ದ ರಾಬರ್ಟ್ಸ್ ಎಂಬವನನ್ನು ರಾಜಧಾನಿಗೆ ಕರೆಸಿದರು. ಎರಡು ವರ್ಷದಲ್ಲಿ ಅವನು ಅಲ್ಲಿ ನಡೆಸಿದ ಶಾಲೆಯೇ ರಾಜರ ಉಚಿತ ಶಾಲೆಯಾಯಿತು, 1866ರಲ್ಲಿ ಕಾಲೇಜಾಯಿತು. ಅದರ ಮೊದಲ ಪ್ರಿನ್ಸಿಪಾಲ್ ಜಾನ್ ರಾಸ್. ಎರ್ನಾಕುಳಂನಲ್ಲಿ 1845ರ ಇಂಗ್ಲಿಷ್ ಶಾಲೆ 1875ರಲ್ಲಿ ಕಾಲೇಜಾಗಿ ಬೆಳೆದಾಗ ಅದನ್ನು ನಡೆಸಿದವನು ಸೀಲಿ ಎಂಬ ಆಂಗ್ಲ. ಇವತ್ತಿನ ಮಹಾರಾಜಾಸ್ ಕಾಲೇಜು ಅದೇ.

ಈ ದೊರೆ ಮೇಷ್ಟ್ರುಗಳು ಊರಿಗೆ ಹೊಂದಿಕೊಂಡರೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಊರೇ ಅವರಿಗೆ ಹೊಂದಿಕೊಂಡಿತ್ತು, ಹುಡುಗರು ಅವರ ಭಾಷೆ ಕಲಿತರು. ತಿರುವನಂತಪುರದ ಪೇರೂರ್ಕಡದ ಗುಡ್ಡದಲ್ಲಿ ಇದರದ್ದೊಂದು ಚೆಂದದ ಗುರುತಿದೆ. ಆಲಪ್ಪುಳದಲ್ಲಿ 1855ರಲ್ಲಿ ಹುಟ್ಟಿದ ತಮಿಳಿಗ ಪಿ. ಸುಂದರಂ ಪಿಳ್ಳೈ, ತಿರುವನಂತಪುರದ ಕಾಲೇಜಿನಲ್ಲಿ ರಾಬರ್ಟ್ ಹಾರ್ವಿ ಎಂಬ ಪ್ರಾಧ್ಯಾಪಕರ ಶಿಷ್ಯ. ಮುಂದೆ ಅದೇ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು, 1891ರಲ್ಲಿ ‘ಮನೋನ್ಮಣೀಯಂ’ ಎಂಬ ತಮಿಳು ನಾಟಕ ಪ್ರಕಟಿಸಿದರು. ತಮಿಳುನಾಡಿನ ಇವತ್ತಿನ ನಾಡಗೀತೆ ಆ ನಾಟಕದ ನಾಂದಿಯಿಂದ ಬಂದದ್ದು. ಗುಡ್ಡದ ಮೇಲೆ ಮನೆ ಕಟ್ಟಿಕೊಂಡಾಗ ಪಿಳ್ಳೈಯವರು ಅದಕ್ಕಿಟ್ಟ ಹೆಸರು ‘ಹಾರ್ವಿಪುರಂ’. ಮಲಯಾಳದ ನೆಲದಲ್ಲಿ, ತಮಿಳು ಮೇಷ್ಟ್ರ ಮನೆಗೆ, ದೊರೆ ಗುರುವಿನ ಹೆಸರು. ಹೊರಗಿನವನು ಒಳಗಿನವನಾಗುವುದಕ್ಕೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕೆ?

ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದವರೂ ಇದ್ದರು. ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟ್ 1839ರಲ್ಲಿ ತಲಶ್ಶೇರಿಯ ಇಲ್ಲಿಕ್ಕುನ್ನಿನಲ್ಲಿ ನೆಲೆಸಿ ಮಲಯಾಳ ಕಲಿತರು. ಕಲಿತದ್ದು ಎಷ್ಟೆಂದರೆ, 1872ರಲ್ಲಿ ಮಲಯಾಳದ ದೊಡ್ಡ ನಿಘಂಟನ್ನೇ ಹೊರತಂದರು. 1857ರಲ್ಲಿ ಮದ್ರಾಸ್ ಸರಕಾರ ಅವರನ್ನು ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲೆಗಳಿಗೆ ಇನ್‌ಸ್ಪೆಕ್ಟರ್ ಆಗಿ ನೇಮಿಸಿತು. ಅಂದರೆ ಇವತ್ತು ಎರಡು ರಾಜ್ಯಗಳು ಜಗ್ಗಾಡುವ ಕರಾವಳಿಯ ಮಲಯಾಳ ಶಾಲೆ, ಕನ್ನಡ ಶಾಲೆ ಎರಡನ್ನೂ ನೋಡಿಕೊಳ್ಳುವ ಕೆಲಸ ಒಬ್ಬ ಜರ್ಮನನ ಪಾಲಿಗೆ ಬಂದಿತ್ತು. ನಮ್ಮಲ್ಲಿಯೂ ಇಂಥವರಿದ್ದರು. ಬಂಟ್ವಾಳದ ಪಂಜೆ ಮಂಗೇಶರಾಯರು ಮಡಿಕೇರಿಗೆ ಹೆಡ್‌ಮಾಸ್ತರರಾಗಿ ಹೋದರು. ಕೊಂಕಣಿ ಮನೆಮಾತಿನ, ಕರಾವಳಿಯ ಕನ್ನಡದ ಮನುಷ್ಯ. ‘ಹುತ್ತರಿ ಹಾಡು’ ಬರೆದರು. ಇವತ್ತಿಗೂ ಕೊಡಗು ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಆ ಪದ್ಯವೇ.

ಕಾಸರಗೋಡಿನ ಕಥೆ ಇಷ್ಟು ಸಲೀಸಲ್ಲ. ಅಲ್ಲಿ ಮೇಷ್ಟ್ರುಗಳು ಗಡಿ ದಾಟಿ ಹೋಗಲಿಲ್ಲ, ಗಡಿಯೇ ಮೇಷ್ಟ್ರುಗಳನ್ನು ದಾಟಿ ಹೋಯಿತು.

1956ರ ನವೆಂಬರ್ 1ಕ್ಕೆ ಮುಂಚೆ ಕಾಸರಗೋಡು, ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಶಾಲೆಯ ಭಾಷೆ ಬಹುಪಾಲು ಕನ್ನಡ. ಮೇಲಧಿಕಾರಿಗಳು ಮಂಗಳೂರಿನಲ್ಲಿ, ಅವರ ಮೇಲಿನವರು ಮದ್ರಾಸಿನಲ್ಲಿ. ರಾಜ್ಯ ಪುನರ್ವಿಂಗಡಣೆಯ ಮರುದಿನ ಬೆಳಿಗ್ಗೆ ಅದೇ ಶಾಲೆ, ಅದೇ ಬೆಂಚು, ಅದೇ ಕರಿಹಲಗೆ. ಮೇಲಧಿಕಾರಿಗಳು ಮಾತ್ರ ಮಲಯಾಳದವರು, ಅವರ ಮೇಲಿನವರು ತಿರುವನಂತಪುರದಲ್ಲಿ. 1957ರ ಮೊದಲ ದಿನ ಕಣ್ಣೂರು ಜಿಲ್ಲೆ ಹುಟ್ಟಿದಾಗ ಕಾಸರಗೋಡು ಅದರ ಬಾಲವಾಯಿತು, 1984ರ ಮೇ 24ರವರೆಗೆ ಹಾಗೇ ಇತ್ತು. ಹಿಂದಿನ ದಿನದವರೆಗೆ ಮನೆಯವರಾಗಿದ್ದ ಕನ್ನಡ ಮೇಷ್ಟ್ರುಗಳು ಹೆಜ್ಜೆ ಕದಲಿಸದೆಯೇ ಭಾಷಾ ಅಲ್ಪಸಂಖ್ಯಾತರಾದರು. ಇಲಾಖೆಯ ಸುತ್ತೋಲೆ ಓದಲು ಇನ್ನೊಬ್ಬರ ಸಹಾಯ ಬೇಡಬೇಕಾದ ಕಾಲ ಬಂತು.

ಆ ಕಾಲದ ಇಬ್ಬರು ಮೇಷ್ಟ್ರುಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು. ಒಬ್ಬರು ಕಯ್ಯಾರ ಕಿಞ್ಞಣ್ಣ ರೈ. 1915ರಲ್ಲಿ ಹುಟ್ಟಿ, ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು, 1969ರಲ್ಲಿ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಪಡೆದವರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು ನೂರು ವರ್ಷ ತುಂಬಿ ಕಣ್ಣು ಮುಚ್ಚುವವರೆಗೂ ಹೇಳುತ್ತಲೇ ಇದ್ದವರು. 1966ರಲ್ಲಿ ನೇಮಕವಾದ ಮಹಾಜನ ಆಯೋಗ, ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ವರದಿ ಕಪಾಟು ಸೇರಿತು. ಇದು ಕನ್ನಡ ಓದುಗರಿಗೆಲ್ಲ ಗೊತ್ತಿರುವ ಕಥೆ.

ಇನ್ನೊಬ್ಬರ ಹೆಸರು ಕರ್ನಾಟಕದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ತಳಂಗರೆಯ ಟಿ. ಉಬೈದ್, 1908ರಲ್ಲಿ ಹುಟ್ಟಿದವರು, ಅವರೂ ಕವಿ, ಅವರೂ ಮೇಷ್ಟ್ರು. ಓದಿದ್ದು ಕನ್ನಡ ಮಾಧ್ಯಮದಲ್ಲಿ, ಕನ್ನಡದಲ್ಲಿ ಪದ್ಯವನ್ನೂ ಬರೆದರು. ಮಲಯಾಳವನ್ನು ತಾವಾಗಿಯೇ ಕಲಿತು, ಮಾಪ್ಪಿಳ ಹಾಡುಗಳ ದೊಡ್ಡ ವಿದ್ವಾಂಸರಾದರು. ಕಾಸರಗೋಡು ಕೇರಳಕ್ಕೆ ಸೇರಬೇಕು ಎನ್ನುವ ಪಕ್ಷ ಅವರದು. ಕಾರಣ ಬಲು ಸರಳ: ಮನೆಯಲ್ಲಿ ಮಲಯಾಳ ಆಡುವ ಮಾಪ್ಪಿಳ ಮಕ್ಕಳು ಶಾಲೆಯಲ್ಲಿ ಕನ್ನಡದ ಮೇಷ್ಟ್ರ ಮುಂದೆ ಬಾಯಿ ಕಟ್ಟಿ ಕೂರುತ್ತಿದ್ದರು. ಆ ಮಕ್ಕಳ ಶಾಲೆಗೆ ಮಲಯಾಳ ಬರಲಿ ಎಂದು ಅವರು ಓಡಾಡಿದರು.

ಉಬೈದ್ ಅಂದು ಆಡಿದ ದೂರನ್ನೇ ಇಂದು ಕನ್ನಡಿಗರು ಆಡುತ್ತಿದ್ದಾರೆ. ಬದಲಾಗಿರುವುದು ಬೆಂಚಿನ ಮೇಲೆ ಯಾರು, ಕುರ್ಚಿಯ ಮೇಲೆ ಯಾರು ಎಂಬುದಷ್ಟೇ. ಕಾಸರಗೋಡಿನ ಬಗ್ಗೆ ಕನ್ನಡದಲ್ಲಿ ಬರೆಯುವವರು ಈ ಹಳೆಯ ಬಾಕಿಯನ್ನು ಸಾಮಾನ್ಯವಾಗಿ ಜಾರಿಸಿಬಿಡುತ್ತಾರೆ. ಜಾರಿಸದಿದ್ದರೆ ನಮ್ಮ ವಾದವೇ ಗಟ್ಟಿಯಾಗುತ್ತದೆ.

ತೆಂಕಣದವರು ಈ ಕಡೆಗೆ ಬಂದದ್ದು ಮೇಷ್ಟ್ರುಗಳಾಗಿ ಮಾತ್ರ ಅಲ್ಲ. ಮಲಬಾರ್ ವಲಸೆಯ ಕಾಲದಲ್ಲಿ ತಿರುವಾಂಕೂರಿನ ಕ್ರೈಸ್ತ ರೈತರು ಪೂರ್ವದ ಗುಡ್ಡಗಳಿಗೆ ಬಂದು ಕಾಡು ಕಡಿದು ಮರಗೆಣಸು, ರಬ್ಬರು ಬೆಳೆದರು. 1943ರಲ್ಲಿ ಹುಟ್ಟಿದ ರಾಜಪುರ ಅಂಥ ಒಂದು ಊರು. ಅವರು ಬರುವಾಗ ಇಗರ್ಜಿಯನ್ನೂ ಶಾಲೆಯನ್ನೂ ಜೊತೆಗೇ ಕಟ್ಟಿಕೊಂಡರು. ಅಲ್ಲಿ ಮೇಷ್ಟ್ರಿಗೂ ಮಕ್ಕಳಿಗೂ ಒಂದೇ ಮಾತು. ತಕರಾರು ಏಳಲಿಲ್ಲ.

ತಕರಾರು ಎದ್ದದ್ದು ಸರಕಾರಿ ಶಾಲೆಗಳಲ್ಲಿ. ಇದಕ್ಕೂ ಒಂದು ಕಾರಣವಿದೆ, ಅದನ್ನು ತಿಳಿಯಬೇಕಾದರೆ ಕೇರಳದ ನೇಮಕದ ಯಂತ್ರದೊಳಗೆ ಸ್ವಲ್ಪ ಇಣುಕಬೇಕು. 1957ರ ಕಮ್ಯುನಿಸ್ಟ್ ಸರಕಾರದ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ, ಸ್ವತಃ ಮೇಷ್ಟ್ರು, ಶಿಕ್ಷಣ ಮಸೂದೆ ತಂದರು. ಅನುದಾನಿತ ಶಾಲೆಯ ಮ್ಯಾನೇಜರುಗಳೂ ಪಬ್ಲಿಕ್ ಸರ್ವಿಸ್ ಕಮಿಷನ್ನಿನ ಪಟ್ಟಿಯಿಂದಲೇ ಶಿಕ್ಷಕರನ್ನು ಆರಿಸಬೇಕು ಎಂದಿತ್ತು ಅದರ ಒಂದು ಕಲಮು. ಅದರ ಮೇಲೆ ನಡೆದ ರಾಜಕೀಯದಲ್ಲಿ 1959ರಲ್ಲಿ ಸರಕಾರವೇ ಬಿತ್ತು, ಆ ಕಲಮೂ ಉಳಿಯಲಿಲ್ಲ. ಹೀಗಾಗಿ ಅನುದಾನಿತ ಕನ್ನಡ ಶಾಲೆಯ ಮ್ಯಾನೇಜರು ಇವತ್ತಿಗೂ ಊರಿನ ಕನ್ನಡ ಬಲ್ಲವರನ್ನೇ ನೇಮಿಸಿಕೊಳ್ಳಬಹುದು. ಸರಕಾರಿ ಶಾಲೆಗೆ ಮಾತ್ರ ಮೇಷ್ಟ್ರು ಬರುವುದು ತಿರುವನಂತಪುರದ ಪಟ್ಟಂನಲ್ಲಿರುವ ಪಿಎಸ್‌ಸಿ ಕಚೇರಿಯಿಂದ. ಹುದ್ದೆಗಳು ಜಿಲ್ಲಾವಾರು. ಆದರೆ ಯಾವ ಜಿಲ್ಲೆಯವರು ಯಾವ ಜಿಲ್ಲೆಗೆ ಬೇಕಾದರೂ ಅರ್ಜಿ ಹಾಕಬಹುದು. ತನ್ನ ಜಿಲ್ಲೆಯಲ್ಲಿ ಸ್ಪರ್ಧೆ ಬಿಗಿ ಎನಿಸಿದ ದಕ್ಷಿಣದ ಅಭ್ಯರ್ಥಿ ಕಾಸರಗೋಡಿನ ಪಟ್ಟಿಯ ಕಡೆ ಕಣ್ಣು ಹಾಯಿಸುತ್ತಾನೆ. ಕೆಲಸ ಸಿಗುತ್ತದೆ. ಬಾಡಿಗೆ ಕೋಣೆ ಹಿಡಿಯುತ್ತಾನೆ. ಅವತ್ತಿನಿಂದಲೇ ಊರಿಗೆ ಮರಳುವ ವರ್ಗಾವಣೆಯ ಲೆಕ್ಕ ಶುರು. ಜಿಲ್ಲೆ ಬದಲಿಸಿದರೆ ಸೇವಾ ಹಿರಿತನ ಹೋಗುತ್ತದೆ. ಹೋದರೆ ಹೋಗಲಿ, ಅಪ್ಪ ಅಮ್ಮ ಊರಿನಲ್ಲಿದ್ದಾರೆ, ಹೆಂಡತಿಯ ಕೆಲಸ ಕೊಲ್ಲಂನಲ್ಲಿದೆ.

ಅವನನ್ನು ದೂರುವಂತಿಲ್ಲ. ಅರ್ಧ ಮನಸ್ಸನ್ನು ರೈಲಿನಲ್ಲಿಟ್ಟೇ ಕೆಲಸ ಮಾಡುವ ಹಾಗೆ ಈ ವ್ಯವಸ್ಥೆಯೇ ಅವನನ್ನು ನೇಮಿಸಿದೆ.

ಅದೇ ಮಲಯಾಳಿ ಮೇಷ್ಟ್ರು ದೂರದೇಶಕ್ಕೆ ಹೋದಾಗ ಹೇಗಿದ್ದ ಎಂಬುದನ್ನೂ ಇಲ್ಲಿ ನೆನೆಯಬಹುದು. ಕೇರಳ ಹುಟ್ಟಿದ ದಿನಗಳಲ್ಲೇ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಭಾರತ ಪ್ರವಾಸದಲ್ಲಿದ್ದರು. ಅವರ ದೇಶದ ಶಾಲೆಗಳಿಗೆ ಭಾರತದಿಂದ ಹೋದ ಮೇಷ್ಟ್ರುಗಳಲ್ಲಿ ಮಧ್ಯ ತಿರುವಾಂಕೂರಿನ ಸಿರಿಯನ್ ಕ್ರೈಸ್ತರು ಬಹಳ. ಇಂಗ್ಲಿಷಿನಲ್ಲಿ ಲೆಕ್ಕ, ವಿಜ್ಞಾನ ಕಲಿಸಿದರು. 1974ರ ಕ್ರಾಂತಿಯ ನಂತರ ಬಹಳ ಜನ ಅಲ್ಲಿಂದ ಹೊರಬಿದ್ದರು. ಆದರೆ ಅದಿಸ್ ಅಬಾಬದಲ್ಲಿ ಮೇಷ್ಟ್ರೂ ಮಕ್ಕಳೂ ಭೇಟಿಯಾದದ್ದು ಇಬ್ಬರಿಗೂ ಹೊರಗಿನದಾದ ಇಂಗ್ಲಿಷಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ಅಂಥ ಮೂರನೆಯ ಜಾಗ ಇಲ್ಲ. ಒಂದೋ ಅವನು ಬರಬೇಕು, ಇಲ್ಲವೇ ಮಕ್ಕಳು ಹೋಗಬೇಕು.

ಮಲಯಾಳಕ್ಕೂ ಕನ್ನಡಕ್ಕೂ ಸಂಸ್ಕೃತದ ಪದಗಳು ಸಮಾನ, ಆದ್ದರಿಂದ ಹೇಗೋ ನಡೆದುಹೋಗುತ್ತದೆ ಎಂದು ದೂರದಲ್ಲಿ ಕೂತವರಿಗೆ ಅನಿಸಬಹುದು. ತೊಂದರೆ ಇರುವುದು ಅಲ್ಲೇ. ಕರಿಹಲಗೆಯ ಹತ್ತಿರ ಹೋಗಿ ನೋಡಿ.

ಹಲಗೆಯ ಮೇಲೆ 12 ಮತ್ತು 18 ಎಂದು ಬರೆದಿದೆ. ಮಾಷ್, ಅಂದರೆ ಮಲಯಾಳದ ಮೇಷ್ಟ್ರು, ‘ಲಸಾಗು’ ಕಂಡುಹಿಡಿಯಿರಿ ಎನ್ನುತ್ತಾರೆ. ಲಘುತಮ ಸಾಧಾರಣ ಗುಣಿತ, ಅದರ ಹ್ರಸ್ವರೂಪ. ಮಕ್ಕಳ ಪುಸ್ತಕದಲ್ಲಿರುವುದು ಲಸಾಅ, ಲಘುತಮ ಸಾಮಾನ್ಯ ಅಪವರ್ತ್ಯ. ಇದನ್ನು ಹೇಗೋ ಊಹಿಸಬಹುದು. ಮುಂದೆ ಅವರು ‘ಉಸಾಘ’ ಎನ್ನುತ್ತಾರೆ. ಮಕ್ಕಳಿಗೆ ಅದು ಮಸಾಅ. ‘ಉ’ ಎಲ್ಲಿಂದ ಬಂತು, ‘ಘ’ ಎಲ್ಲಿಂದ ಬಂತು? ಉತ್ತರ 36 ಮತ್ತು 6 ಎಂದು ಹಲಗೆಯ ಮೇಲೆ ಬಂದಾಗ ಯಾವುದು ಯಾವುದೆಂದು ತಿರುಗಿ ಲೆಕ್ಕ ಹಾಕಬೇಕು. ರೇಖಾಗಣಿತಕ್ಕೆ ಬಂದರೆ ಮಾಷ್‌ಗೆ ತ್ರಿಕೋಣಂ, ಮಕ್ಕಳಿಗೆ ತ್ರಿಭುಜ. ಅವರಿಗೆ ಚದುರಂ, ಇವರಿಗೆ ಆಯತ.

ಸಮಾಜ ವಿಜ್ಞಾನದಲ್ಲಿ ಇನ್ನೂ ಮೋಜು, ಇನ್ನೂ ಅಪಾಯ. ಮಲಯಾಳದ ‘ಅವಕಾಶಂ’ ಎಂದರೆ ಹಕ್ಕು. ಸಂವಿಧಾನದ ಮೂಲಭೂತ ಹಕ್ಕುಗಳು ಅಲ್ಲಿ ‘ಮೌಲಿಕಾವಕಾಶಂಙಳ್’. ಕನ್ನಡದ ಹುಡುಗಿಯ ಕಿವಿಗೆ ಅದು ಏನೋ ಒಂದು ಅವಕಾಶ, ಯಾರೋ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ‘ಸಮರಂ’ ಎಂದರೆ ಅಲ್ಲಿ ಮುಷ್ಕರವೂ ಹೌದು, ಇಲ್ಲಿ ಸಮರ ಎಂದರೆ ಯುದ್ಧ. ಅಲ್ಲಿಯ ‘ಉಪನ್ಯಾಸಂ’ ಪ್ರಬಂಧ, ಇಲ್ಲಿಯ ಉಪನ್ಯಾಸ ಭಾಷಣ. ಕೊನೆಗೆ ಮಾಷ್ ತಾಳ್ಮೆ ತಪ್ಪಿ, ಕ್ಲಾಸಿನಲ್ಲಿ ‘ಸಂಸಾರಿಕ್ಕರುದ್’ ಎಂದು ಗದರಿಸಿದರೆ ಹಿಂದಿನ ಬೆಂಚಿನವರು ಕಿಸಕ್ಕೆಂದು ನಗದೆ ಏನು ಮಾಡಿಯಾರು? ಮಲಯಾಳದಲ್ಲಿ ಸಂಸಾರ ಎಂದರೆ ಮಾತು.

ಇದಕ್ಕೆ ಇನ್ನೊಂದು ಪದರವಿದೆ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಮನೆಮಾತಲ್ಲ. ತುಳು, ಕೊಂಕಣಿ, ಮರಾಠಿ, ಕೊರಗ ಭಾಷೆ. ಹವ್ಯಕರ ಮಕ್ಕಳಿಗೂ ಮನೆಯ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಸಪ್ತಭಾಷಾ ಸಂಗಮ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಒಂದನೇ ತರಗತಿಯ ತುಳು ಮಗುವಿಗೆ ಕನ್ನಡ ಆಗಲೇ ಒಂದು ಏಣಿ. ಅದನ್ನು ಹತ್ತಿ ಎಂಟನೇ ತರಗತಿಗೆ ಬಂದಾಗ ಏಣಿಯ ತುದಿಯಲ್ಲಿ ಮಲಯಾಳ ನಿಂತಿದ್ದರೆ ಮಗು ಇನ್ನೊಮ್ಮೆ ಕೆಳಗಿನಿಂದ ಹತ್ತಬೇಕು.

ಸಂವಿಧಾನದಲ್ಲಿ ಇದಕ್ಕೆ ಉತ್ತರ ಇಲ್ಲದಿಲ್ಲ. 1956ರ ಏಳನೇ ತಿದ್ದುಪಡಿ ಸೇರಿಸಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಮಾಡಿಕೊಡಬೇಕೆನ್ನುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ, ತಮಿಳರು ಮತ್ತು ಕನ್ನಡಿಗರು ತಮ್ಮ ಪ್ರದೇಶದಲ್ಲಿ ಸರಕಾರದೊಂದಿಗೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದು ಎಂದಿತು. ಕಾಸರಗೋಡಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವಿದೆ, ಮಾಯಿಪ್ಪಾಡಿಯ ಡಯಟ್‌ನಲ್ಲಿ ಶಿಕ್ಷಕರ ತರಬೇತಿ ಇದೆ, ಕೇರಳ ಸರಕಾರವೇ ಕನ್ನಡ ಮಾಧ್ಯಮದ ಪುಸ್ತಕ ಅಚ್ಚು ಹಾಕಿಸುತ್ತದೆ, ಹತ್ತನೇ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕಾಗದದ ಮೇಲೆ ನೋಡಿದರೆ ಬಹಳ ರಾಜ್ಯಗಳು ತಮ್ಮ ಗಡಿಯ ಅಲ್ಪಸಂಖ್ಯಾತರಿಗೆ ಇಷ್ಟನ್ನೂ ಕೊಟ್ಟಿಲ್ಲ. ಕನ್ನಡ ಮಾಧ್ಯಮದ ಹುದ್ದೆಗೆ ಪಿಎಸ್‌ಸಿ ಕೇಳುವುದೂ ಕನ್ನಡ ಬಲ್ಲವರನ್ನೇ. ಆದರೆ ‘ಕನ್ನಡ ಬಲ್ಲ’ ಎಂಬುದನ್ನು ಪಟ್ಟಂನಲ್ಲಿ ಕೂತು ಅಳೆಯುವುದಕ್ಕೂ ಮಂಜೇಶ್ವರದ ಎಂಟನೇ ತರಗತಿಯಲ್ಲಿ ಅಳೆಯುವುದಕ್ಕೂ ವ್ಯತ್ಯಾಸ ಉಂಟು. ಪ್ರಮಾಣಪತ್ರದಲ್ಲಿ ಕನ್ನಡ ಇದ್ದು ಬಾಯಿಯಲ್ಲಿ ಇಲ್ಲದವರೂ ಬಂದರು.

2017ರಲ್ಲಿ ಬಿಸಿ ಏರಿತು. ಆ ಏಪ್ರಿಲ್‌ನಲ್ಲಿ ರಾಜ್ಯದ ಎಲ್ಲ ಶಾಲೆಗಳಲ್ಲೂ ಹತ್ತನೇ ತರಗತಿಯವರೆಗೆ ಮಲಯಾಳ ಕಡ್ಡಾಯ ಎಂಬ ಸುಗ್ರೀವಾಜ್ಞೆ ಬಂತು, ಬೆನ್ನಿಗೇ ಕಾಯ್ದೆಯಾಯಿತು. ಅದು ಮುಖ್ಯವಾಗಿ ಮಲಯಾಳವನ್ನು ಮೂಲೆಗೆ ತಳ್ಳಿದ್ದ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಬೀಸಿದ ಚಾಟಿ. ಏಟು ಬಿದ್ದದ್ದು ಕಾಸರಗೋಡಿನ ಕನ್ನಡಿಗರಿಗೆ. ಮೇ ತಿಂಗಳಲ್ಲಿ ಕಲೆಕ್ಟರ್ ಕಚೇರಿಯ ಮುಂದೆ ದೊಡ್ಡ ಪ್ರತಿಭಟನೆ ನಡೆಯಿತು. ಅಲ್ಪಸಂಖ್ಯಾತರ ಮೇಲೆ ಹೇರುವುದಿಲ್ಲ ಎಂಬ ಭರವಸೆ ತಿರುವನಂತಪುರದಿಂದ ಬಂತು. ಇದರ ಆಚೀಚೆಯ ವರ್ಷಗಳಲ್ಲಿ, ಕನ್ನಡ ಬಾರದ ಶಿಕ್ಷಕರ ವಿರುದ್ಧ ಮಕ್ಕಳು, ಹೆತ್ತವರು ಒಂದಲ್ಲ ಒಂದು ಸರಕಾರಿ ಪ್ರೌಢಶಾಲೆಯ ಗೇಟಿನ ಮುಂದೆ ಕೂರುವುದು ಮಾಮೂಲಾಯಿತು. ಕೆಲವು ತಕರಾರು ಎರ್ನಾಕುಳಂನ ಹೈಕೋರ್ಟಿನ ಮೆಟ್ಟಿಲು ಹತ್ತಿದವು. ವೈಟ್ಟಿಲದಿಂದ ಕೆಲವೇ ಕಿಲೋಮೀಟರ್ ದೂರದ ಆ ಕಟ್ಟಡದಲ್ಲಿ, ಕಾಸರಗೋಡಿನ ಮಗುವಿಗೆ ತ್ರಿಭುಜ ಅರ್ಥವಾಯಿತೇ ಎಂಬ ಪ್ರಶ್ನೆ ಕಾನೂನಿನ ಇಂಗ್ಲಿಷಿನಲ್ಲಿ ಚರ್ಚೆಯಾಯಿತು.

2018ರ ಆಗಸ್ಟಿನಲ್ಲಿ ರಿಷಬ್ ಶೆಟ್ಟರ ‘ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ತೆರೆಗೆ ಬಂದಾಗ ಕರ್ನಾಟಕದ ಬಹಳ ಜನಕ್ಕೆ ಇಂಥದ್ದೊಂದು ಕಷ್ಟವಿದೆ ಎಂದು ಗೊತ್ತಾದದ್ದೇ ಆಗ. ಕನ್ನಡ ಬಾರದ ಮಲಯಾಳಿ ಮೇಷ್ಟ್ರು ಗಣಿತ ಕಲಿಸಲು ಬರುವುದು ಅದರ ಕಥೆಯ ತಿರುಗಣಿ. ಅತ್ಯುತ್ತಮ ಮಕ್ಕಳ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂತು. ಶಾಲೆಯ ದೃಶ್ಯಗಳನ್ನು ತೆಗೆದದ್ದು ಮಾತ್ರ ಕಾಸರಗೋಡಿನಲ್ಲಲ್ಲ, ಗಡಿಯ ಈಚೆಯ ಕೈರಂಗಳದಲ್ಲಿ. ಅನಂತ್ ನಾಗ್ ನ್ಯಾಯಾಲಯದಲ್ಲಿ ಮಾತಾಡಿದಾಗ ಚಿತ್ರಮಂದಿರ ಶಿಳ್ಳೆ ಹೊಡೆಯಿತು. ಆದರೆ ಆ ಚಿತ್ರ ಮಲಯಾಳಿ ಮೇಷ್ಟ್ರನ್ನು ನಗೆಪಾಟಲಿಗೆ ಬಿಟ್ಟು ಮುಂದೆ ಹೋಯಿತು ಎಂಬ ದೂರೂ ನ್ಯಾಯವೇ. ಪಾಪ, ಆ ತರಗತಿಯಲ್ಲಿ ಭಾಷೆ ಬಾರದವನು ಅವನೊಬ್ಬನೇ.

ಇದೇ 2017ರಲ್ಲಿ, ಇದೇ ರಾಜ್ಯದಲ್ಲಿ, ಎರ್ನಾಕುಳಂ ಜಿಲ್ಲೆಯ ಬಿನಾನಿಪುರಂ ಎಂಬ ಕಡೆ ಬೇರೆಯೇ ಒಂದು ಪಾಠ ನಡೆಯಿತು. ಪೆರಿಯಾರ್ ನದಿಯ ದಡದ ಎಡಯಾರ್ ಕೈಗಾರಿಕಾ ಪ್ರದೇಶದ ಪಕ್ಕದ ಸರಕಾರಿ ಶಾಲೆ ಅದು. ಅಲ್ಲಿ ಬೆಂಚುಗಳ ಮೇಲೆ ಅತಿಥಿ ಕಾರ್ಮಿಕರ ಮಕ್ಕಳು. ಮನೆಮಾತು ಹಿಂದಿ, ಬಂಗಾಳಿ, ಒಡಿಯಾ. ಮಲಯಾಳದ ಪಾಠ ಅವರಿಗೆ ತಲೆಗೆ ಹತ್ತುತ್ತಿರಲಿಲ್ಲ. ಜಿಲ್ಲಾಡಳಿತ ‘ರೋಷ್ನಿ’ ಎಂಬ ಯೋಜನೆ ಶುರು ಮಾಡಿತು. ಮಕ್ಕಳ ಮಾತು ಬಲ್ಲ ಸ್ವಯಂಸೇವಕ ಶಿಕ್ಷಕಿಯರು ಬಂದರು. ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮುಂಚೆ ಒಂದೂವರೆ ಗಂಟೆ ವಿಶೇಷ ತರಗತಿ, ಜೊತೆಗೆ ತಿಂಡಿ. ಹಿಂದಿಯಲ್ಲಿ ಶುರುವಾದ ಮಾತು ನಡುವೆ ಮಲಯಾಳಕ್ಕೆ ಹೊರಳಿ ಮತ್ತೆ ಹಿಂದಿಗೆ ಬರುವ ವಿಧಾನ. ಮುಂದೆ ಅದು ಜಿಲ್ಲೆಯ ಹಲವು ಶಾಲೆಗಳಿಗೆ ಹಬ್ಬಿತು. ಆ ವರ್ಷದ ಆಗಸ್ಟ್ 15ರಂದು ಪೆರುಂಬಾವೂರಿನಲ್ಲಿ ಸಾಕ್ಷರತಾ ಮಿಶನ್, ದೊಡ್ಡವರಿಗೆ ಮಲಯಾಳ ಕಲಿಸುವ ‘ಚಂಙಾದಿ’ ಯೋಜನೆಗೆ ಚಾಲನೆ ಕೊಟ್ಟಿತು. ಚಂಙಾದಿ ಎಂದರೆ ಗೆಳೆಯ. ಅದರ ಪಠ್ಯಪುಸ್ತಕದ ಹೆಸರೇ ‘ಹಮಾರಿ ಮಲಯಾಳಂ’.

ಮಗು ಎಲ್ಲಿ ನಿಂತಿದೆಯೋ ಅಲ್ಲಿಗೆ ಮೇಷ್ಟ್ರು ಹೋಗಬೇಕು ಎಂಬುದು ಕೇರಳಕ್ಕೆ ಗೊತ್ತಿಲ್ಲದ ವಿಷಯವಲ್ಲ ಎಂದಾಯಿತು. ನೆನ್ನೆ ಮೊನ್ನೆ ಬಂದ ಅತಿಥಿಯ ಮಗುವಿನ ವಿಷಯದಲ್ಲಿ ಅದು ಹೊಳೆಯಿತು. ರಾಜ್ಯ ಹುಟ್ಟುವ ಮೊದಲೇ ಅಲ್ಲಿದ್ದವರ ಮಕ್ಕಳ ವಿಷಯದಲ್ಲಿ ಹೊಳೆಯಲು ಇಷ್ಟು ತಡವೇಕೆ ಎಂದು ಕೇಳಿದರೆ, ಅತಿಥಿ ವೋಟಿನ ಲೆಕ್ಕದಲ್ಲಿಲ್ಲ, ಗಡಿಯ ರಾಜಕೀಯದಲ್ಲೂ ಇಲ್ಲ ಎನ್ನುವುದು ಒಂದು ಉತ್ತರ. ಬಿನಾನಿಪುರದಲ್ಲಿ ಬಂಗಾಳಿ ಮಾತಾಡಿದರೆ ಯಾರಿಗೂ ಮಹಾಜನ ವರದಿ ನೆನಪಾಗುವುದಿಲ್ಲ.

ಕಾಸರಗೋಡಿಗೆ ಸರಕಾರ ಹುಡುಕಿದ ದಾರಿಗಳಲ್ಲಿ ಒಂದು ಮೈಸೂರಿಗೆ ಹೋಗುತ್ತದೆ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ, ಕೆಲಸದಲ್ಲಿರುವ ಶಿಕ್ಷಕರಿಗೆ ಕನ್ನಡ, ಮಲಯಾಳ, ತಮಿಳು, ತೆಲುಗುಗಳನ್ನು ಹತ್ತು ತಿಂಗಳು ಕಲಿಸುತ್ತಾರೆ. ಕನ್ನಡ ಬಾರದೆ ಕನ್ನಡ ತರಗತಿಗೆ ಬಂದು ಪೇಚಿಗೆ ಸಿಕ್ಕವರನ್ನು ಅಲ್ಲಿಗೆ ಕಳಿಸಿದ್ದುಂಟು. ತಿರುವನಂತಪುರದಿಂದ ಕಾಸರಗೋಡಿಗೆ, ಅಲ್ಲಿಂದ ಮೈಸೂರಿಗೆ; ಬಿಎಡ್ ಮುಗಿಸಿದ ಮೇಲೆ ಮತ್ತೆ ಅಆಇಈ. ಮಲಯಾಳ ಬಲ್ಲವರಿಗೆ ಕನ್ನಡದ ವ್ಯಾಕರಣ ಅಷ್ಟೇನೂ ತ್ರಾಸ ಕೊಡುವುದಿಲ್ಲ. ಹೊಸತೆನಿಸುವುದು, ಅವರ ‘ಪ’ಕಾರ ಇರುವಲ್ಲಿ ಬರುವ ನಮ್ಮ ‘ಹ’ಕಾರ: ಅವರ ಪಾಲ್ ನಮಗೆ ಹಾಲು, ಅವರ ಪುಲಿ ನಮಗೆ ಹುಲಿ. ನಾವು ಹಳಗನ್ನಡದವರಾಗಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ಅತ್ತ ಕಾಸರಗೋಡಿನಲ್ಲಿ ಆ ಹತ್ತು ತಿಂಗಳು ತರಗತಿಗೆ ತಾತ್ಕಾಲಿಕ ಶಿಕ್ಷಕರು. ಹೆಚ್ಚಾಗಿ ಊರಿನ ಕನ್ನಡದ ಹುಡುಗಿಯರು, ದಿನಗೂಲಿಯ ಮೇಲೆ. ಮಕ್ಕಳಿಗೆ ಲಸಾಅ ಅರ್ಥವಾಗುವುದು ಬಹುಶಃ ಆಗಲೇ.

ಉಳಿದುಕೊಂಡವರೂ ಇದ್ದಾರೆ. ಐದು ವರ್ಷಕ್ಕೆಂದು ಬಂದು, ಕಾಞಂಗಾಡಿನಲ್ಲೋ ಚೆರ್ಕಳದಲ್ಲೋ ನಾಲ್ಕು ಸೆಂಟ್ಸ್ ಜಾಗ ಕೊಂಡು, ಮಕ್ಕಳನ್ನು ಅಲ್ಲಿಯ ಶಾಲೆಗೇ ಹಾಕಿ, ಓಣಂಗೆ ಮಾತ್ರ ತೆಂಕಣಕ್ಕೆ ಹೋಗಿಬರುವ ಮಾಷ್‌ಗಳು. ಅವರಿಗೆ ಕಂಬಳ ಗೊತ್ತು, ಯಕ್ಷಗಾನದ ಮೇಳಗಳು ಗೊತ್ತು, ಬಸ್ಸಿನಲ್ಲಿ ತುಳು ಕೇಳಿದರೆ ತಿರುಗಿ ನೋಡುವುದಿಲ್ಲ. ಊರಿನವರೂ ಅವರನ್ನು ತೆಕ್ಕನ್ ಎನ್ನುವುದನ್ನು ಬಿಟ್ಟಿರುತ್ತಾರೆ. ಯಾವ ವರ್ಷ ಬಿಟ್ಟದ್ದು ಎಂದು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

ವರ್ಗಾವಣೆಯ ಅರ್ಜಿಗೆ ಮಾತ್ರ ಇದೆಲ್ಲ ಲೆಕ್ಕಕ್ಕಿಲ್ಲ. ಮೈಸೂರಿನಲ್ಲಿ ಹತ್ತು ತಿಂಗಳು ಕೂತು ಕನ್ನಡ ಕಲಿತವರಿಗೂ, ಕಲಿಯದವರಿಗೂ ಕಂಪ್ಯೂಟರಿನ ಫಾರಂ ಒಂದೇ. ತಮ್ಮ ಜಿಲ್ಲೆಯಲ್ಲಿ ಜಾಗ ತೆರವಾದರೆ, ಹಿರಿತನ ಬಿಟ್ಟುಕೊಡಲು ಮನಸ್ಸಿದ್ದರೆ, ಹೊರಡಬಹುದು. ಅವರ ಜೊತೆಗೆ ಕಷ್ಟಪಟ್ಟು ಕಲಿತ ಹಾಲು, ಹುಲಿ, ತ್ರಿಭುಜಗಳೂ ರೈಲು ಹತ್ತಿ ಕೊಲ್ಲಂ ಕಡೆಗೆ ಹೋಗುತ್ತವೆ. ಪಟ್ಟಂನಲ್ಲಿ ಪಟ್ಟಿಯ ಮುಂದಿನ ಹೆಸರಿಗೆ ನೇಮಕದ ಕಾಗದ ಹೊರಡುತ್ತದೆ. ಜೂನ್ ತಿಂಗಳ ಒಂದು ಸೋಮವಾರ, ಮಳೆಯಲ್ಲಿ ಕೊಡೆ ಹಿಡಿದು ಬಂದ ಹೊಸಬರು ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಮೇಲೆ 12 ಮತ್ತು 18 ಎಂದು ಬರೆಯುತ್ತಾರೆ.